ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನಿವೇಲ್‌ನಲ್ಲಿ, ಅಮ್ಮ ಇರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಈ ಎರಡು ಮನೆಗಳ ನಡುವೆ ಓಡಾಡಿ, ಓಡಾಡಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಅಪ್ಪ-ಅಮ್ಮನನ್ನು ಮೊದಲ ಸಲ ಕರೆಸಿಕೊಳ್ಳುವವರು, ಓದಲು ಹೊರಟ ಮಕ್ಕಳು, ಅವರನ್ನು ಕಳಿಸಿ ಮನೆಯಲ್ಲಿ ಕೂತು ಫೋನ್ ನೋಡುವವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು.

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ಕಿಲೋಮೀಟರ್?

ಆಕಾಶದಲ್ಲಿ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಮೈಲಿ ಲೆಕ್ಕದಲ್ಲಿ ಸುಮಾರು 8,700. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 7,550. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಭೂಮಿಯನ್ನು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಸುತ್ತಿದ ಹಾಗೆ.

ಇದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದವರೆಗಿನ ದೂರ. ವಿಮಾನ ನಿಜವಾಗಿ ಹಾರುವುದು ಇದಕ್ಕಿಂತ ಜಾಸ್ತಿ. ಯಾಕೆ ಅನ್ನುವುದು ಕೆಳಗೆ ಬರುತ್ತದೆ.

ಹಾರಾಟಕ್ಕೆ ಎಷ್ಟು ಗಂಟೆ ಬೇಕು?

ಎಲ್ಲೂ ಇಳಿಯದ ನೇರ ವಿಮಾನವಾದರೆ ಬೆಂಗಳೂರಿಂದ ಹೋಗುವಾಗ ಸುಮಾರು 16 ಗಂಟೆ. ವಾಪಸ್ ಬರುವಾಗ 17ರಿಂದ 18 ಗಂಟೆ. ನಡುವೆ ಒಂದು ಕಡೆ ಇಳಿದು ಬೇರೆ ವಿಮಾನ ಹತ್ತುವುದಾದರೆ, ಕಾಯುವ ಹೊತ್ತೂ ಸೇರಿ 21ರಿಂದ 26 ಗಂಟೆ ಇಟ್ಟುಕೊಳ್ಳಿ.

ಹಾಗಾದ್ರೆ ಒಂದು ದಿನದಲ್ಲಿ ಮುಗಿಯುತ್ತೆ ಅಲ್ವಾ?

ಇಲ್ಲೇ ಎಲ್ಲರೂ ಎಡವುವುದು. ಟಿಕೆಟ್ ಮೇಲೆ ಇರುವುದು ವಿಮಾನದ ಹೊತ್ತು ಮಾತ್ರ. ಪ್ರಯಾಣ ಶುರುವಾಗುವುದು ಮನೆಗೆ ಬೀಗ ಹಾಕಿದ ಕ್ಷಣದಿಂದ.

ಅಮ್ಮನ ಲೆಕ್ಕವನ್ನೇ ಹೇಳುತ್ತೇನೆ. ಮಧ್ಯಾಹ್ನ 2ಕ್ಕೆ ಬೆಂಗಳೂರಿಂದ ನೇರ ವಿಮಾನ ಅಂದುಕೊಳ್ಳಿ. ಮೈಸೂರಿಂದ ದೇವನಹಳ್ಳಿಗೆ ಸುಮಾರು 180 ಕಿ.ಮೀ. ಕೆಎಸ್ಆರ್‌ಟಿಸಿ ಫ್ಲೈಬಸ್ ಇರಲಿ, ಕಾರಿರಲಿ, ಬೆಂಗಳೂರು ದಾಟುವ ಹೊತ್ತು ಸೇರಿ ನಾಲ್ಕರಿಂದ ನಾಲ್ಕೂವರೆ ಗಂಟೆ. ಬೆಳಗ್ಗೆ ಐದೂವರೆಗೆ ಹೊರಟರೆ ಹತ್ತಕ್ಕೆ ನಿಲ್ದಾಣ. ಅಲ್ಲಿ ನಾಲ್ಕು ಗಂಟೆ. ಹಾರಾಟ 16 ಗಂಟೆ. ಇಳಿದ ಮೇಲೆ ಇಮಿಗ್ರೇಷನ್ (ಪಾಸ್‌ಪೋರ್ಟ್, ವೀಸಾ ನೋಡುವುದು), ಲಗೇಜು, ಕಸ್ಟಮ್ಸ್ (ತಂದ ಸಾಮಾನು ನೋಡುವುದು) ಎಲ್ಲ ಸೇರಿ ಒಂದೂವರೆ ಗಂಟೆ. ನಮ್ಮ ಮನೆಗೆ ಮುಕ್ಕಾಲು ಗಂಟೆ ಡ್ರೈವ್. ಒಟ್ಟು ಹತ್ತಿರ ಹತ್ತಿರ 27 ಗಂಟೆ. ಒಂದು ಕಡೆ ಇಳಿದು ಹತ್ತುವ ವಿಮಾನವಾದರೆ 34 ಗಂಟೆಗೆ ಬಂದು ನಿಲ್ಲುತ್ತದೆ.

ವಯಸ್ಸಾದವರಿಗೆ "ಹದಿನಾರೇ ಗಂಟೆ ಅಮ್ಮ" ಅಂತ ಹೇಳಿ ಕಳಿಸಬೇಡಿ. ನಾನು ಮೊದಲ ಸಲ ಹಾಗೆ ಹೇಳಿದ್ದೆ. ಅಮ್ಮ ಹದಿನಾರು ಗಂಟೆಗೆ ಆಗುವಷ್ಟೇ ಧೈರ್ಯ ಕೂಡಿಸಿಕೊಂಡು ಬಂದಿದ್ದರು. ಇಳಿದು ಇಮಿಗ್ರೇಷನ್ ಸಾಲಿನಲ್ಲಿ ನಿಂತಾಗ ಆ ಧೈರ್ಯ ಮುಗಿದುಹೋಗಿತ್ತು. ಪೂರ್ತಿ ಲೆಕ್ಕ ಮೊದಲೇ ಹೇಳಿದರೆ ಅವರು ಅದಕ್ಕೆ ತಕ್ಕ ಹಾಗೆ ತಯಾರಾಗುತ್ತಾರೆ.

ಅತಿ ಹತ್ತಿರದ ದಾರಿ ಯಾವ ಯಾವ ಊರಿನ ಮೇಲೆ ಹೋಗುತ್ತೆ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಗೋಡೆಗೆ ಹಾಕಿದ ನಕ್ಷೆ ನೋಡಿ ಉತ್ತರ ಹುಡುಕಬೇಡಿ. ಉರುಟಾದ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದಾಗ ದಾರಿಗಳು ತಿರುಚಿಹೋಗುತ್ತವೆ.

ಮಕ್ಕಳ ಗ್ಲೋಬ್ ಇದ್ದರೆ ಹೀಗೆ ಮಾಡಿ. ಹೂ ಕಟ್ಟುವ ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಜಾರಿ ಒಂದು ಜಾಗದಲ್ಲಿ ನಿಲ್ಲುತ್ತದೆ. ಅದೇ ಅತಿ ಹತ್ತಿರದ ದಾರಿ. ಒಂದು ಅಡಿ ಅಗಲದ ಗ್ಲೋಬ್ ಆದರೆ ದಾರ ಸುಮಾರು 33 ಸೆಂಟಿಮೀಟರ್ ಬರುತ್ತದೆ.

ನಾನು ಅಮ್ಮನ ಜೊತೆ ಕೂತು ಇದನ್ನು ಮಾಡಿದೆ. ದಾರ ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ. ಬೆಂಗಳೂರಿಂದ ಹೊರಟು ಉತ್ತರಕ್ಕೆ, ಸ್ವಲ್ಪ ಬಲಕ್ಕೆ ವಾಲಿ ನೇರ ಮೇಲೆ ಹೋಯಿತು. ಅಕ್ಷಾಂಶ, ರೇಖಾಂಶ ಹಾಕಿ ಲೆಕ್ಕ ಮಾಡಿದರೆ ಆ ಗೆರೆ ಪ್ರಯಾಗಕ್ಕೂ ಕಾಶಿಗೂ ನಡುವೆ ಗಂಗೆಯನ್ನು ದಾಟುತ್ತದೆ. ಆಮೇಲೆ ನೇಪಾಳದ ಹಿಮಾಲಯ, ಟಿಬೆಟ್, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ. ಉತ್ತರಕ್ಕೆ 71 ಡಿಗ್ರಿಯ ಹತ್ತಿರದವರೆಗೂ ಏರಿ, ಹೆಪ್ಪುಗಟ್ಟಿದ ಸಮುದ್ರದ ಅಂಚು ಮುಟ್ಟಿ, ಅಲಾಸ್ಕಾ ಮೇಲೆ ಇಳಿದು ಕ್ಯಾಲಿಫೋರ್ನಿಯಾಕ್ಕೆ ಬರುತ್ತದೆ. "ಕಾಶಿ ಪಕ್ಕದಲ್ಲೇ ಹೋಗುತ್ತಾ ಹಾಗಾದ್ರೆ!" ಅಂತ ಅಮ್ಮ ದಾರವನ್ನು ಬೆರಳಲ್ಲಿ ಸವರಿ ನೋಡಿದರು.

ಮತ್ತೆ ವಿಮಾನ ಆ ದಾರಿಯಲ್ಲೇ ಯಾಕೆ ಹೋಗಲ್ಲ?

ಮುಖ್ಯವಾಗಿ ಎರಡು ಕಾರಣ. ಒಂದು ಬೆಟ್ಟ, ಇನ್ನೊಂದು ಗಾಳಿ.

ಮೊದಲು ಬೆಟ್ಟ. ವಿಮಾನ ಹಿಮಾಲಯಕ್ಕಿಂತ ಮೇಲೆ ಹಾರಬಲ್ಲದು, ಅದರಲ್ಲಿ ಅನುಮಾನವಿಲ್ಲ. ತೊಂದರೆ ಏನಾದರೂ ಆದಾಗ ಏನು ಮಾಡುವುದು ಅನ್ನುವುದೇ ಪ್ರಶ್ನೆ. ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದ ಹಾಗೆ ಬಿದ್ದುಹೋದರೆ ಪೈಲಟ್ ಬೇಗ 10,000 ಅಡಿಗೆ, ಅಂದರೆ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಸಬೇಕು. ಅಲ್ಲಿ ಮಾಸ್ಕ್ ಇಲ್ಲದೆಯೂ ಉಸಿರಾಡಬಹುದು. ನಮ್ಮ ತಲೆ ಮೇಲಿಂದ ಜೋತು ಬೀಳುವ ಆ ಹಳದಿ ಮಾಸ್ಕಿನಲ್ಲಿ ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸಿಗೆ ಆಗುವಷ್ಟು ಆಮ್ಲಜನಕ ಇರುತ್ತದೆ. ಆದರೆ ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಮೂರು ಕಿ.ಮೀ.ಗೆ ಇಳಿಯಲು ಅಲ್ಲಿ ಜಾಗವೇ ಇಲ್ಲ. ಹತ್ತಿರದಲ್ಲಿ ದೊಡ್ಡ ವಿಮಾನ ಇಳಿಸುವಂಥ ನಿಲ್ದಾಣಗಳೂ ಕಡಿಮೆ. ಹಾಗಾಗಿ ಆ ಭಾಗವನ್ನು ಬಳಸಿಕೊಂಡೇ ಹೋಗುತ್ತಾರೆ.

ಇನ್ನು ಗಾಳಿ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಗಾಳಿ ಹರಿಯುತ್ತದೆ. ಇದಕ್ಕೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಗಂಟೆಗೆ 150 ಕಿ.ಮೀ. ವೇಗ ಮಾಮೂಲು, ಚಳಿಗಾಲದಲ್ಲಿ ಜಪಾನಿನ ಆಸುಪಾಸು 300 ಕೂಡ ದಾಟುತ್ತದೆ. ಬೆಂಗಳೂರಿಂದ ಹೊರಟ ವಿಮಾನ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ಸಾಗರ ದಾಟಿದರೆ ಈ ಗಾಳಿ ಬೆನ್ನಿಗೆ ಸಿಗುತ್ತದೆ. ದಾರಿ ಐನೂರು, ಸಾವಿರ ಕಿ.ಮೀ. ಜಾಸ್ತಿಯಾದರೂ ಹೊತ್ತು ಕಡಿಮೆ, ಇಂಧನವೂ ಕಡಿಮೆ. ಸೀಟಿನ ಮುಂದಿನ ಪರದೆಯಲ್ಲಿ ವೇಗ ನೋಡುತ್ತಾ ಇರಿ. ಮಾಮೂಲಿ 900ರ ಹತ್ತಿರ ಇರುವುದು ಜಪಾನ್ ದಾಟುವಾಗ 1,100 ತೋರಿಸಿದ್ದನ್ನು ನಾನೇ ನೋಡಿದ್ದೇನೆ. ವಿಮಾನದ ಇಂಜಿನ್ ಜಾಸ್ತಿ ಓಡುತ್ತಿರುವುದಿಲ್ಲ. ಗಾಳಿ ಹೊತ್ತುಕೊಂಡು ಹೋಗುತ್ತಿರುತ್ತದೆ.

ವಾಪಸ್ ಬರುವಾಗ ಯಾಕೆ ಜಾಸ್ತಿ ಹೊತ್ತು?

ಅದೇ ಗಾಳಿ ಈಗ ಎದುರಿಗೆ. ಹೋಗುವಾಗಿನ ದಾರಿಯಲ್ಲೇ ಬಂದರೆ ಹೊಳೆಗೆ ಎದುರಾಗಿ ಈಜಿದ ಹಾಗೆ. ಆದ್ದರಿಂದ ಬರುವಾಗ ಬೇರೆ ದಾರಿ ನೋಡುತ್ತಾರೆ. ಕೆಲವು ದಿನ ಉತ್ತರ ಧ್ರುವದ ಕಡೆಯಿಂದಲೂ ಬರುವುದುಂಟು. ಪ್ರತಿ ದಿನದ ಗಾಳಿ ನೋಡಿ ಆ ದಿನದ ದಾರಿ ಗೊತ್ತುಮಾಡುತ್ತಾರೆ. ನಿನ್ನೆ ಬಂದವರು ಅಲಾಸ್ಕಾ ನೋಡಿದರು, ಇವತ್ತು ಬಂದವರು ಬರೀ ಸಮುದ್ರ ನೋಡಿದರು ಅಂದರೆ ಇಬ್ಬರು ಹೇಳುವುದೂ ನಿಜವೇ.

ಭೂಮಿ ತಿರುಗುತ್ತಲ್ವಾ? ವಿಮಾನ ಮೇಲೆ ಸುಮ್ನೆ ನಿಂತರೆ ಅಮೆರಿಕ ತಾನಾಗಿ ಕೆಳಗೆ ಬರಲ್ವಾ?

ಮಕ್ಕಳು ಕೇಳುತ್ತಾರೆ. ದೊಡ್ಡವರು ಕೇಳಲು ಸಂಕೋಚಪಡುತ್ತಾರೆ. ಒಳ್ಳೆಯ ಪ್ರಶ್ನೆ.

ಬೆಂಗಳೂರಿನ ನೆಲ ಭೂಮಿಯ ಜೊತೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಆದರೆ ನಾವೂ, ನಮ್ಮ ಸುತ್ತಲಿನ ಗಾಳಿಯೂ, ಆ ಗಾಳಿಯಲ್ಲಿರುವ ವಿಮಾನವೂ ಜೊತೆಗೇ ತಿರುಗುತ್ತಿವೆ. ಓಡುವ ರೈಲಿನಲ್ಲಿ ಕೂತು ಕಿತ್ತಳೆ ಹಣ್ಣು ಮೇಲಕ್ಕೆ ಎಸೆಯಿರಿ. ಅದು ಹಿಂದಿನ ಬೋಗಿಗೆ ಹೋಗಿ ಬೀಳುವುದಿಲ್ಲ, ನಿಮ್ಮ ಕೈಗೇ ಬರುತ್ತದೆ. ಹಾಗೇ ಇದೂ. ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಇರುವ ವ್ಯತ್ಯಾಸ ಮೇಲೆ ಹೇಳಿದ ಗಾಳಿಯಿಂದ ಬಂದದ್ದು.

ನೇರ ವಿಮಾನ ಯಾವಾಗ ಶುರುವಾಯಿತು? ಈಗಲೂ ಇದೆಯಾ?

ಏರ್ ಇಂಡಿಯಾ ಇದನ್ನು 2021ರ ಜನವರಿಯಲ್ಲಿ ಶುರುಮಾಡಿತು. ಮೊದಲ ವಿಮಾನ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಕಡೆಯಿಂದ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಬೋಯಿಂಗ್ 777-200ಎಲ್ಆರ್ ವಿಮಾನ. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಹೆಂಗಸರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಜೊತೆಗೆ ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಅವತ್ತು ಬೆಳಗ್ಗೆ ಆ ಫೋಟೊ ನಮ್ಮ ಮನೆಯ ಎಲ್ಲ ಗ್ರೂಪುಗಳಲ್ಲೂ ಬಂತು. ನನ್ನ ಮಗಳಿಗೆ ತೋರಿಸಿದೆ. ಇವತ್ತಿಗೂ ಆ ಹೆಸರುಗಳನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ.

ಆಮೇಲೆ ಈ ವಿಮಾನ ನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಇಷ್ಟು ದೂರದ ಹಾರಾಟ ನಡೆಸುವುದು ಖರ್ಚಿನ ಬಾಬತ್ತು. ಇಂಧನದ ಬೆಲೆ, ವಿಮಾನಗಳ ಕೊರತೆ, ಆಕಾಶದ ದಾರಿಗಳ ಮೇಲಿನ ನಿರ್ಬಂಧ, ಯಾವುದು ಬದಲಾದರೂ ವೇಳಾಪಟ್ಟಿ ಬದಲಾಗುತ್ತದೆ. ನೀವು ಹೋಗುವ ತಿಂಗಳಿಗೆ ವಿಮಾನ ಇದೆಯಾ ಅಂತ ಕಂಪನಿಯ ಆ್ಯಪ್‌ನಲ್ಲೇ ನೋಡಿ. ಹೋದ ವರ್ಷ ಅಕ್ಕ ಹೋಗಿದ್ದಳು ಅನ್ನುವ ಮಾತಿನ ಮೇಲೆ ರಜೆ ಹಾಕಬೇಡಿ.

ನೇರ ಇಲ್ಲದಿದ್ದರೆ ಯಾವ ಊರಿನ ಮೂಲಕ ಹೋದರೆ ದೂರ ಕಡಿಮೆ?

ಎರಡು ಹಾರಾಟದ ದೂರ ಕೂಡಿಸಿದರೆ ಹೀಗೆ ಬರುತ್ತದೆ. ಟೋಕಿಯೊ ಮೂಲಕ ಸುಮಾರು 14,900 ಕಿ.ಮೀ. ದುಬೈ ಮೂಲಕ 15,700. ಫ್ರಾಂಕ್‌ಫರ್ಟ್ ಮೂಲಕ 16,550. ಲಂಡನ್ ಮೂಲಕ 16,650. ಸಿಂಗಪುರದ ಮೂಲಕ 16,800ರ ಹತ್ತಿರ.

ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ವ್ಯತ್ಯಾಸ ಎರಡು ಸಾವಿರ ಕಿ.ಮೀ.ಗಿಂತ ಕಡಿಮೆ, ಅಂದರೆ ಎರಡು ಗಂಟೆ. ನಡುವಿನ ನಿಲ್ದಾಣದಲ್ಲಿ ಆರು ಗಂಟೆ ಕಾಯಬೇಕಾದರೆ ಆ ಉಳಿತಾಯ ಎಲ್ಲಿ ಉಳಿಯಿತು? ದೂರ ನೋಡಿ ಊರು ಆರಿಸಬೇಡಿ. ಹಾರಾಟ ಹೇಗೆ ತುಂಡಾಗಿದೆ ನೋಡಿ. ದುಬೈ ಮೂಲಕವಾದರೆ ಮೊದಲು ನಾಲ್ಕು ಗಂಟೆ, ಆಮೇಲೆ ಒಂದೇ ಸಮನೆ ಹದಿನಾರು ಗಂಟೆ. ಯುರೋಪಿನ ಮೂಲಕವಾದರೆ ಹತ್ತು ಮತ್ತು ಹನ್ನೊಂದು, ಹೆಚ್ಚುಕಮ್ಮಿ ಸಮಪಾಲು. ಮಂಡಿ ನೋವಿರುವವರಿಗೆ, ಒಂದೇ ಕಡೆ ಕೂರಲು ಆಗದವರಿಗೆ ಈ ಸಮಪಾಲೇ ಹಿತ. ನಡುವೆ ಎರಡು ಮೂರು ಗಂಟೆ ಕಾಲಾಡಿಸಬಹುದು. ಒಬ್ಬರೇ ಬರುವ, ಇಂಗ್ಲಿಷ್ ಅಷ್ಟಾಗಿ ಬಾರದ ಅಪ್ಪ-ಅಮ್ಮನಿಗೆ ಮಾತ್ರ ನೇರ ವಿಮಾನವೇ ಒಳ್ಳೆಯದು, ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ.

ನಡುವೆ ಎಷ್ಟು ಹೊತ್ತಿನ ಬಿಡುವು ಇರಬೇಕು?

ಎರಡೂವರೆಯಿಂದ ನಾಲ್ಕು ಗಂಟೆ. ಅದಕ್ಕಿಂತ ಕಡಿಮೆ ಬೇಡ.

ಒಂದು ಸಲ ನಾನು ಒಂದು ಗಂಟೆ ಹತ್ತು ನಿಮಿಷದ ಬಿಡುವಿರುವ ಟಿಕೆಟ್ ತೆಗೆದುಕೊಂಡಿದ್ದೆ. ಬೆಂಗಳೂರಿಂದ ಹೊರಡುವುದೇ ನಲವತ್ತು ನಿಮಿಷ ತಡವಾಯಿತು. ಆ ನಡುವಿನ ನಿಲ್ದಾಣದಲ್ಲಿ ಮಗಳನ್ನು ಎತ್ತಿಕೊಂಡು ಓಡಿದ್ದು ಇನ್ನೂ ನೆನಪಿದೆ. ಬಾಗಿಲು ಮುಚ್ಚುವ ಮುಂಚೆ ನಾವು ಹತ್ತಿದೆವು, ಪೆಟ್ಟಿಗೆಗಳು ಹತ್ತಲಿಲ್ಲ. ಅವು ಮನೆಗೆ ಬಂದದ್ದು ಎರಡು ದಿನ ಬಿಟ್ಟು. ಮಗಳ ಔಷಧಿ ಆ ಪೆಟ್ಟಿಗೆಯಲ್ಲಿತ್ತು. ಅವತ್ತಿನಿಂದ ಔಷಧಿ ಮತ್ತು ಒಂದು ಜೊತೆ ಬಟ್ಟೆ ಯಾವಾಗಲೂ ಕೈಚೀಲದಲ್ಲೇ.

ಇನ್ನೊಂದು ಮುಖ್ಯ ಮಾತು. ಎರಡು ಹಾರಾಟವೂ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ ಅಗ್ಗ ಕಾಣಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಜವಾಬ್ದಾರರಲ್ಲ. ನಡುವೆ ಲಗೇಜು ಬಿಡಿಸಿಕೊಳ್ಳಲು ಆ ದೇಶದ ವೀಸಾ ಕೂಡ ಬೇಕಾಗಬಹುದು.

ನ್ಯೂಯಾರ್ಕ್ ಅಥವಾ ಶಿಕಾಗೊದಲ್ಲಿ ಇಳಿದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವವರಿಗೂ ಒಂದು ಮಾತು. ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಆಗುತ್ತದೆ. ಲಗೇಜನ್ನು ಅಲ್ಲೇ ತೆಗೆದುಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಕೊಡಬೇಕು. ಅಲ್ಲಿ ಮೂರು ಗಂಟೆ ಬಿಡುವು ಇದ್ದರೂ ಜಾಸ್ತಿಯೇನಲ್ಲ.

ಹೊರಟ ದಿನವೇ ತಲುಪುತ್ತಾರೆ ಅಂತಾರಲ್ಲ, ಅದು ಹೇಗೆ?

ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ.

ಚಳಿಗಾಲದ ಒಂದು ಶುಕ್ರವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟಿರಿ. 16 ಗಂಟೆ ಹಾರಿದಿರಿ. ನಮ್ಮ ಊರಲ್ಲಿ ಆಗ ಶನಿವಾರ ಬೆಳಗ್ಗೆ 6. ಅದರಲ್ಲಿ ಹದಿಮೂರೂವರೆ ಗಂಟೆ ಕಳೆಯಿರಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೂ ಶುಕ್ರವಾರ ಸಂಜೆ ನಾಲ್ಕೂವರೆ. ಹೊರಟ ದಿನವೇ, ಎರಡೂವರೆ ಗಂಟೆ ಬಿಟ್ಟು ಇಳಿದ ಹಾಗೆ ಕಾಣುತ್ತದೆ.

ವಾಪಸ್ ಬರುವಾಗ ಆ ಸಾಲ ತೀರಿಸಬೇಕು. ಶುಕ್ರವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಇಳಿಯುವುದು ಭಾನುವಾರ ನಸುಕಿನ 4ಕ್ಕೆ. ಶನಿವಾರ ಹೋದದ್ದೇ ಗೊತ್ತಾಗುವುದಿಲ್ಲ. ಶನಿವಾರ ಉಪವಾಸ ಮಾಡುವ ನಮ್ಮ ಅತ್ತೆಗೆ ಇದು ನಿಜಕ್ಕೂ ಚಿಂತೆಯ ವಿಷಯವಾಗಿತ್ತು. ಬೆಂಗಳೂರಿನ ಗಡಿಯಾರ ಹಿಡಿದು ಮಾಡಿ ಅಂತ ಮನೆಯ ಪುರೋಹಿತರು ಹೇಳಿದ ಮೇಲೆ ಸಮಾಧಾನವಾಯಿತು.

ನೆಂಟರನ್ನು ಕರೆತರಲು ಕಾರು ಗೊತ್ತುಮಾಡುವವರು ತಾರೀಕನ್ನು ಎರಡೆರಡು ಸಲ ನೋಡಿ. ಒಂದು ದಿನ ಮುಂಚೆಯೇ ಹೋಗಿ ದೇವನಹಳ್ಳಿಯಲ್ಲಿ ಕಾದವರನ್ನು ನಾನು ಬಲ್ಲೆ.

ಫೋನ್ ಮಾಡಲು ಹೊತ್ತಿನ ಲೆಕ್ಕ ಸುಲಭವಾಗಿ ಹೇಗೆ ಹಾಕೋದು?

ಬೇಸಿಗೆಯಲ್ಲಿ: ನಮ್ಮ ಗಡಿಯಾರದಿಂದ ಅರ್ಧ ಗಂಟೆ ಕಳೆದು, ಬೆಳಗ್ಗೆ-ರಾತ್ರಿ ಅದಲುಬದಲು ಮಾಡಿ. ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಬೆಳಗ್ಗೆ 8. ಚಳಿಗಾಲದಲ್ಲಿ: ಒಂದೂವರೆ ಗಂಟೆ ಕಳೆದು ಅದಲುಬದಲು. ರಾತ್ರಿ ಎಂಟೂವರೆ ಅಂದರೆ ಅಲ್ಲಿ ಬೆಳಗ್ಗೆ 7. ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಬೇಸಿಗೆಯ ಲೆಕ್ಕ ಶುರುವಾಗುವುದು ಮಾರ್ಚ್ ತಿಂಗಳ ಎರಡನೇ ಭಾನುವಾರ, ಹಿಂದಿಟ್ಟು ಚಳಿಗಾಲದ ಲೆಕ್ಕ ಶುರುವಾಗುವುದು ನವೆಂಬರ್ ತಿಂಗಳ ಮೊದಲ ಭಾನುವಾರ.

ಒಂದೇ ಸಲಕ್ಕೆ ಇಷ್ಟು ದೂರ ಹೋಗೋಕೆ ಇಂಧನ ಸಾಕಾಗುತ್ತಾ?

ಸಾಕಾಗುತ್ತದೆ, ಮಿಕ್ಕೂ ಇರುತ್ತದೆ. ಬೋಯಿಂಗ್ 777-200ಎಲ್ಆರ್ ಟ್ಯಾಂಕಿನಲ್ಲಿ ಸುಮಾರು 1.8 ಲಕ್ಷ ಲೀಟರ್ ಹಿಡಿಯುತ್ತದೆ. ಇದೇ ಮಾದರಿಯ ವಿಮಾನ 2005ರ ನವೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಪೂರ್ವಕ್ಕೆ ಹೊರಟು, ಎಲ್ಲೂ ಇಳಿಯದೆ 21,602 ಕಿ.ಮೀ. ಹಾರಿ ಲಂಡನ್ ತಲುಪಿತ್ತು. ಅದಕ್ಕೆ ಹಿಡಿದದ್ದು 22 ಗಂಟೆ 42 ನಿಮಿಷ. ಅದು ದಾಖಲೆಗೆ ಹಾರಿದ್ದು, ಒಳಗೆ ಇದ್ದವರು ಕೆಲವೇ ಜನ. ಪ್ರಯಾಣಿಕರು, ಅವರ ಪೆಟ್ಟಿಗೆಗಳು ತುಂಬಿದಾಗ ಅಷ್ಟು ದೂರ ಆಗುವುದಿಲ್ಲ.

ತೂಕದ ಮಾತು ಬಂತಲ್ಲ, ಬೆಂಗಳೂರಿನ ಒಂದು ವಿಶೇಷ ಹೇಳಬೇಕು. ನಮ್ಮ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಸ್ವಲ್ಪ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಇಂಜಿನ್‌ಗೂ ಉಸಿರು ಕಡಿಮೆ. ಹಾಗಾಗಿ ಭಾರ ತುಂಬಿದ ವಿಮಾನ ಇಲ್ಲಿಂದ ಮೇಲೇಳಲು ಚೆನ್ನೈ, ಮುಂಬೈಗಿಂತ ಜಾಸ್ತಿ ಓಡಬೇಕು. ರನ್‌ವೇ 4,000 ಮೀಟರ್ ಉದ್ದ ಇರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮುಂದಿನ ಸಲ ವಿಮಾನ ನೆಲ ಬಿಡುವ ಮುಂಚೆ "ಇನ್ನೂ ಓಡ್ತಾನೇ ಇದೆಯಲ್ಲ" ಅಂತ ಅನಿಸಿದರೆ ಹೆದರಬೇಡಿ, ಅದು ಹಾಗೇ.

ಪ್ರಪಂಚದಲ್ಲಿ ಇದೇ ಅತಿ ಉದ್ದದ ವಿಮಾನ ಪ್ರಯಾಣವಾ?

ಅಲ್ಲ. ಸಿಂಗಪುರ–ನ್ಯೂಯಾರ್ಕ್ ಸುಮಾರು 15,300 ಕಿ.ಮೀ., ಹದಿನೆಂಟೂವರೆ ಗಂಟೆ. ಪರ್ತ್–ಲಂಡನ್ ಕೂಡ ಸುಮಾರು 14,500. ಆದರೆ ಬೆಂಗಳೂರಿನದೂ ಅದೇ ಸಾಲಿನದು.

ಅಷ್ಟು ಹೊತ್ತು ಒಬ್ಬರೇ ಪೈಲಟ್ ಓಡಿಸ್ತಾರಾ?

ಇಲ್ಲ, ಸಾಮಾನ್ಯವಾಗಿ ನಾಲ್ವರಿರುತ್ತಾರೆ. ಪಾಳಿಯ ಮೇಲೆ ಓಡಿಸುತ್ತಾರೆ. ಮಲಗಲು ಅವರಿಗೆ ಬೇರೆ ಜಾಗವೇ ಇದೆ.

ಒಳಗೆ ಬಾಯಿ ಒಣಗುತ್ತೆ, ಕಾಲು ಊದುತ್ತೆ. ಏನು ಮಾಡಬೇಕು?

ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಜಾಗದಲ್ಲಿರುವಷ್ಟು. ಮುಳ್ಳಯ್ಯನಗಿರಿ ತುದಿ ಸುಮಾರು 6,300 ಅಡಿ. ಅಂದರೆ ಹದಿನಾರು ಗಂಟೆ ಮುಳ್ಳಯ್ಯನಗಿರಿ ಮೇಲೆ ಕೂತ ಹಾಗೆ, ಆದರೆ ಅಲ್ಲಿನ ತಂಪು ಮಂಜು ಇಲ್ಲ. ಒಳಗಿನ ತೇವಾಂಶ ಹತ್ತು ಇಪ್ಪತ್ತು ಪರ್ಸೆಂಟ್ ಅಷ್ಟೇ. ಅದಕ್ಕೇ ಬಾಯಿ, ಮೂಗು, ಕಣ್ಣು ಒಣಗುವುದು. ನೀರು ಕೇಳಲು ನಾಚಬೇಡಿ. ಹತ್ತುವ ಮುಂಚೆ ಖಾಲಿ ಬಾಟಲಿ ಇಟ್ಟುಕೊಂಡು, ಸೆಕ್ಯುರಿಟಿ ದಾಟಿದ ಮೇಲೆ ತುಂಬಿಸಿಕೊಳ್ಳಿ.

ಕಾಲಿನ ವಿಷಯ ಹಗುರವಾಗಿ ನೋಡಬೇಡಿ. ನಾಲ್ಕು ಗಂಟೆಗಿಂತ ಜಾಸ್ತಿ ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಎಚ್ಚರವಿದ್ದಾಗ ಗಂಟೆಗೊಮ್ಮೆ ಎದ್ದು ಹಿಂದಿನ ತುದಿಯವರೆಗೆ ನಡೆದು ಬನ್ನಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಇದಕ್ಕೇ ನಾನು ಅಮ್ಮನಿಗೆ ಕಿಟಕಿ ಸೀಟು ಬಿಟ್ಟು ಓಡಾಡುವ ದಾರಿಯ ಪಕ್ಕದ ಸೀಟು ಹಾಕಿಸುತ್ತೇನೆ. ಕಿಟಕಿ ಪಕ್ಕ ಕೂರಿಸಿದರೆ ಪಕ್ಕದವರನ್ನು ಎಬ್ಬಿಸಲು ಸಂಕೋಚಪಟ್ಟು ಬಾತ್‌ರೂಮಿಗೂ ಹೋಗುವುದಿಲ್ಲ, ಅದಕ್ಕಾಗಿ ನೀರೂ ಕುಡಿಯುವುದಿಲ್ಲ. ಹೃದಯದ ತೊಂದರೆ, ಇತ್ತೀಚೆಗೆ ಆಪರೇಷನ್ ಆದವರು ಹೊರಡುವ ಮುಂಚೆ ಡಾಕ್ಟರನ್ನು ಕಾಣಲೇಬೇಕು. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ಹೊತ್ತು ತಲೆಕೆಳಗಾಗುವುದರಿಂದ ಯಾವ ಮಾತ್ರೆ ಯಾವಾಗ ಅಂತಲೂ ಅವರನ್ನೇ ಕೇಳಿ ಬರೆಸಿಕೊಳ್ಳಿ.

ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿ. ಅದಕ್ಕೆ ದುಡ್ಡಿಲ್ಲ. ನಡೆಯಲು ಕಷ್ಟವಿರುವವರಿಗೆ ದೊಡ್ಡ ನಿಲ್ದಾಣಗಳಲ್ಲಿ ಇದು ದೊಡ್ಡ ಆಸರೆ.

ಊಟಕ್ಕೆ ಏನು ಮಾಡೋದು? ಮನೆಯಿಂದ ಏನೇನು ತರಬಹುದು?

ವಿಮಾನದ ಊಟಕ್ಕೆ ಏಷ್ಯನ್ ವೆಜಿಟೇರಿಯನ್ ಅಥವಾ ಜೈನ್ ಊಟ ಅಂತ ಕನಿಷ್ಠ 24 ಗಂಟೆ ಮುಂಚೆ ಹೇಳಿಡಬೇಕು. ಜೊತೆಗೆ ಕೈಚೀಲದಲ್ಲಿ ಒಣ ತಿಂಡಿ ಇರಲಿ. ಅಮ್ಮ ಒಂದು ಡಬ್ಬಿಯಲ್ಲಿ ಒಗ್ಗರಣೆ ಹಾಕಿದ ಗರಿಗರಿ ಅವಲಕ್ಕಿ ತರುತ್ತಾರೆ. ನಡುರಾತ್ರಿ ಎಲ್ಲರೂ ಮಲಗಿ, ದೀಪ ಆರಿಸಿದಾಗ ಡಬ್ಬಿಯ ಮುಚ್ಚಳ ತೆಗೆದರೆ ಇಂಗು, ಕರಿಬೇವಿನ ವಾಸನೆ. ಹಿಂದಿನ ಸಲ ಆ ವಾಸನೆಗೆ ಪಕ್ಕದ ಸೀಟಿನ ಹುಡುಗ ಎದ್ದು ಕೂತ. ತುಮಕೂರಿನವನು, ಮೊದಲ ಸಲ ಓದಲು ಹೊರಟಿದ್ದ. ಅಮ್ಮ ಡಬ್ಬಿಯ ಮುಚ್ಚಳದಲ್ಲೇ ಅವನಿಗೆ ಹಾಕಿಕೊಟ್ಟರಂತೆ.

ಇನ್ನು ತರಬಾರದ್ದು. ತೆಂಗಿನ ಒಣಕೊಬ್ಬರಿ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ವಸ್ತು ಅಂತ ತೆಗೆಸುತ್ತಾರೆ. ಹಸಿ ಕರಿಬೇವು, ಹಣ್ಣು, ತರಕಾರಿ, ಮಾಂಸ ಅಮೆರಿಕದ ಒಳಗೆ ಬಿಡುವುದಿಲ್ಲ. ಕರಿಬೇವು ಕಿತ್ತಳೆ, ನಿಂಬೆಯ ಜಾತಿಗೆ ಹತ್ತಿರದ ಗಿಡ. ಎಲೆಯ ಜೊತೆ ಬರುವ ಕೀಟ ಅಲ್ಲಿನ ತೋಟಗಳಿಗೆ ರೋಗ ಹಚ್ಚುತ್ತದೆ ಅನ್ನುವ ಭಯ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಚಟ್ನಿಪುಡಿ, ಸಾರಿನಪುಡಿಯನ್ನು ದೊಡ್ಡ ಪೆಟ್ಟಿಗೆಯಲ್ಲೇ ಹಾಕಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಲೀಟರಿಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ತಡೆದು ನೋಡುತ್ತಾರೆ. ಇಳಿದ ಮೇಲೆ ಕೇಳಿದರೆ ತಿಂಡಿ ಇದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೇಳಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟರೆ ದಂಡ.

ಒಂದು ವಿಷಯ ದಯವಿಟ್ಟು ಮರೆಯಬೇಡಿ. ದುಬೈ, ಅಬುಧಾಬಿ ಮೂಲಕ ಹೋಗುವವರು ಗಸಗಸೆ ಒಯ್ಯಲೇಬಾರದು. ನಮಗದು ಪಾಯಸದ ಸಾಮಾನು. ಆ ದೇಶದ ಕಾನೂನಿನಲ್ಲಿ ಅದು ಅಫೀಮಿನ ಗಿಡದ ಬೀಜ, ನಿಷೇಧಿಸಿದ ವಸ್ತು. ಒಂದು ಚಿಟಿಕೆಯೂ ಬೇಡ. ಮಸಾಲೆ ಪುಡಿಯಲ್ಲಿ ಹಾಕಿದ್ದರೆ ಅದೂ ಬೇಡ.

ಜೆಟ್ ಲ್ಯಾಗ್ ಎಷ್ಟು ದಿನ ಇರುತ್ತೆ?

ಜೆಟ್ ಲ್ಯಾಗ್ ಅಂದರೆ ಊರಿನ ಹೊತ್ತು ಬದಲಾಗಿ ನಿದ್ದೆ, ಹಸಿವು ಏರುಪೇರಾಗುವುದು. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಗಂಟೆಯಷ್ಟು ಸರಿಯುತ್ತದೆ. ಇಲ್ಲಿ ಹಗಲು-ರಾತ್ರಿಯೇ ಅದಲುಬದಲು. ಹಾಗಾಗಿ ಒಂದು ವಾರ, ವಯಸ್ಸಾದವರಿಗೆ ಹತ್ತು ಹನ್ನೆರಡು ದಿನ. ಬೆಳಗಿನ ಬಿಸಿಲಲ್ಲಿ ಅರ್ಧ ಗಂಟೆ ನಡೆಯುವುದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ಹಗಲು ನಿದ್ದೆ ಬಂದರೆ ಅರ್ಧ ಗಂಟೆಗೆ ಅಲಾರಂ ಇಟ್ಟು ಮಲಗಿ.

ಬಂದ ಮೂರನೇ ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ದೀಪ ಕಂಡು ಎದ್ದು ಹೋದೆ. ಅಮ್ಮ ಪೇಪರ್ ಹಾಸಿಕೊಂಡು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಊರಲ್ಲಿ ಈಗ ಮಧ್ಯಾಹ್ನ ಮೂರೂವರೆ ಕಣೇ, ನಿದ್ದೆ ಹೇಗೆ ಬರುತ್ತೆ" ಅಂದರು. ನಾನೂ ಪಕ್ಕದಲ್ಲಿ ಕೂತು ಬಿಡಿಸಿದೆ. ನಿದ್ದೆ ಬಾರದವರನ್ನು ಮಲಗಿ ಅಂತ ಬಲವಂತ ಮಾಡಬೇಡಿ. ದೀಪ ಮಂದವಾಗಿಟ್ಟು, ಫೋನ್ ದೂರವಿಟ್ಟು, ಕೈಗೊಂದು ಸಣ್ಣ ಕೆಲಸ ಕೊಡಿ.

ಬೆಂಗಳೂರು ನಿಲ್ದಾಣಕ್ಕೆ ಎಷ್ಟು ಮುಂಚೆ ಹೋಗಬೇಕು?

ಮೂರೂವರೆಯಿಂದ ನಾಲ್ಕು ಗಂಟೆ ಮುಂಚೆ. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೋಗುತ್ತವೆ, ಡ್ರೈವರ್‌ಗೆ ಮೊದಲೇ ಹೇಳಿ. ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ಬಿಎಂಟಿಸಿಯ ವಾಯುವಜ್ರ ಬಸ್ಸೂ ಇದೆ. ಹೆಬ್ಬಾಳದ ಟ್ರಾಫಿಕ್‌ಗೆ ಒಂದು ಗಂಟೆ ಬೇರೆಯಾಗಿ ಇಟ್ಟುಕೊಳ್ಳಿ.

ಇಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಬರಲು ಎಷ್ಟು ಹೊತ್ತಿಗೆ ಹೋಗಲಿ?

ವಿಮಾನ ಇಳಿದ ಮೇಲೆ ಹೊರಗೆ ಬರಲು ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಆದರೂ ಇಳಿಯುವ ಹೊತ್ತಿಗೇ ಹೋಗಿ ನಿಂತಿರಿ. ಅವರ ಫೋನಿಗೆ ಇಲ್ಲಿ ಸಿಗ್ನಲ್ ಸಿಗದೇ ಇರಬಹುದು. ನಿಮ್ಮ ನಂಬರ್, ಮನೆ ವಿಳಾಸ, ವಿಮಾನದ ನಂಬರ್ ಎಲ್ಲವನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಪಾಸ್‌ಪೋರ್ಟ್ ಜೊತೆ ಇಡಿಸಿ. ಒಂದು ಸ್ವೆಟರ್ ತೆಗೆದುಕೊಂಡು ಹೋಗಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜುಲೈ ತಿಂಗಳ ಸಂಜೆಯೂ ಚಳಿಗಾಳಿ ಇರುತ್ತದೆ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇದ್ದರೆ, ಆ ಗಾಜಿನ ಬಾಗಿಲಿಂದ ಟ್ರಾಲಿ ತಳ್ಳಿಕೊಂಡು ಬಂದವರಿಗೆ ಮೊದಲು ಅದನ್ನು ಕೊಡಿ. ಪ್ರಯಾಣ ಹೇಗಿತ್ತು ಅಂತ ಆಮೇಲೆ ಕೇಳಿ.